ಹೊಟ್ಟೆಯ ಮಾತು ಮುಚ್ಚಿಡಬೇಡ, ಪುಟ್ಟಾ

ಮೈಸೂರು

ಪ್ರೀತಿಯ ಪುಟ್ಟಾ,

ನಿನ್ನೆ ರಾತ್ರಿ ನಿನ್ನಪ್ಪ ಫೋನ್ ಮಾಡಿದ್ದ. ಮುಂದಿನ ಬುಧವಾರ ನಿನಗೆ ಕೊಲೊನೋಸ್ಕೋಪಿ ಇದೆಯಂತೆ. ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ ಇದ್ದರೂ ಇರಬಹುದು ಅಂತ ಡಾಕ್ಟರು ಹೇಳಿದ್ದಾರಂತೆ. ಹೇಳುವಾಗ ಅವನ ದನಿ ನಡುಗುತ್ತಿತ್ತು. ನೀನು ಯಾರ ಹತ್ತಿರವೂ ಹೆಚ್ಚು ಮಾತಾಡದೆ ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಓದುತ್ತಲೇ ಇದ್ದೀಯಂತೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿಯೇ ಆಯುಸ್ಸು ಕಳೆದವಳು ನಾನು. ಫೋನಿನಲ್ಲಿ ಹೇಳಿದರೆ ‘ಹ್ಞೂಂ ಅತ್ತೆ’ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಒಬ್ಬನೇ ಇರುವಾಗ ಓದು.

ಇನ್ನೂ ಯಾವುದೂ ತೀರ್ಮಾನವಾಗಿಲ್ಲ, ಅದನ್ನು ಮೊದಲು ತಿಳಿದುಕೋ. ಕ್ರೋನ್ಸ್ ಒಂದೇ ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಕಾಯಿಲೆ ಅಲ್ಲ. ನಮ್ಮ ದೇಶದಲ್ಲಂತೂ ಇನ್ನೊಂದು ತೊಡಕಿದೆ, ಕರುಳಿನ ಟಿಬಿ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗ ಹೊಟ್ಟೆಯ ಬಲಗಡೆ ಕೆಳಗಿದೆ, ನಿನಗೆ ನೋಯುವುದೂ ಅಲ್ಲೇ. ಎರಡೂ ಕಾಯಿಲೆಗಳು ಹೆಚ್ಚಾಗಿ ಹಿಡಿಯುವುದು ಆ ಜಾಗವನ್ನೇ. ಎರಡರಲ್ಲೂ ಹೊಟ್ಟೆನೋವು, ಬಿಟ್ಟುಬಿಟ್ಟು ಜ್ವರ, ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಹಾಕಿ ನೋಡಿದರೂ ಎಷ್ಟೋ ಸಲ ಹುಣ್ಣುಗಳು ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಟಿಬಿ ಇರುವವರಿಗೆ ಕ್ರೋನ್ಸ್ ಅಂದುಕೊಂಡು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಟ್ಟರೆ ಟಿಬಿ ಹರಡಿಬಿಡುತ್ತದೆ. ಹಾಗಾಗಿ ಡಾಕ್ಟರು ನಿಧಾನ ಮಾಡಿದರೆ, ಮತ್ತೊಂದು ಸ್ಕ್ಯಾನ್ ಬರೆದರೆ, ಕೆಲವು ತಿಂಗಳು ಟಿಬಿ ಮಾತ್ರೆ ಕೊಟ್ಟು ಹುಣ್ಣು ಮಾಯುತ್ತದಾ ನೋಡೋಣ ಅಂದರೂ, ಅವರಿಗೆ ಏನೂ ತಿಳಿದಿಲ್ಲ ಅಂದುಕೊಳ್ಳಬೇಡ. ಅವರು ಎಚ್ಚರಿಕೆಯಿಂದ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಇದು ಇವತ್ತಿನ ಗೊಂದಲ ಅಲ್ಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಜ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು 1932ರಲ್ಲಿ ಹದಿನಾಲ್ಕು ರೋಗಿಗಳ ವಿವರ ಬರೆದು, ಇದು ಟಿಬಿ ಅಲ್ಲ, ಬೇರೆಯದೇ ಕಾಯಿಲೆ ಎಂದು ತೋರಿಸಿದರು. ಆ ರೋಗಿಗಳಲ್ಲೂ ಹೆಚ್ಚಿನವರು ಚಿಕ್ಕ ವಯಸ್ಸಿನವರೇ. ಇವತ್ತಿಗೂ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದಿಂದ ಮೂವತ್ತೈದರ ಒಳಗೆ. ‘ನನಗೇ ಯಾಕೆ’ ಅಂತ ನಿನ್ನಮ್ಮನ ಹತ್ತಿರ ಅತ್ತೆಯಂತೆ. ಯಾಕೆ ಅಂತ ವೈದ್ಯರಿಗೂ ಪೂರ್ತಿ ತಿಳಿದಿಲ್ಲ ಕಣೋ. ಹುಟ್ಟಿನಿಂದ ಬಂದ ಗುಣ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು, ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕರುಳನ್ನು ಕೆರಳಿಸುವುದು, ಇವೆಲ್ಲ ಸೇರಿವೆ ಅನ್ನುವಷ್ಟು ಗೊತ್ತು. ನೀನು ತಿಂದ ಗೋಬಿ ಮಂಚೂರಿಯಿಂದ ಬಂದದ್ದಲ್ಲ. ಪರೀಕ್ಷೆಯ ಟೆನ್ಷನ್ನಿಂದ ಬಂದದ್ದೂ ಅಲ್ಲ. ನಿನ್ನಿಂದ ತಂಗಿಗೆ ಅಂಟುವುದೂ ಇಲ್ಲ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ತಿಂಗಳುಗಟ್ಟಲೆ ನಿನ್ನ ಊಟದ ಡಬ್ಬಿ ಸ್ಕೂಲಿನಿಂದ ತುಂಬಿದ್ದು ಹಾಗೇ ವಾಪಸ್ ಬರುತ್ತಿತ್ತು ಅಂತ ನಿನ್ನಮ್ಮ ಹೇಳಿದಳು. ಹಸಿವಿಲ್ಲ ಅನ್ನುತ್ತಿದ್ದೆಯಂತೆ. ನನಗೆ ಅನ್ನಿಸುವುದೇ ಬೇರೆ. ತಿಂದರೆ ಟಾಯ್ಲೆಟ್ಟಿಗೆ ಓಡಬೇಕಾಗುತ್ತದೆ, ಅಲ್ಲಿ ಚಿಲಕ ಇರುವುದಿಲ್ಲ, ನೀರಿರುವುದಿಲ್ಲ, ಹುಡುಗರು ನಗುತ್ತಾರೆ. ಅದಕ್ಕೆ ಹೊಟ್ಟೆಗೇ ಹಾಕಿಲ್ಲ ನೀನು, ಹೌದು ತಾನೇ? ವಾರ್ಡಿನಲ್ಲಿ ಇಂಥ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ ಡಾಕ್ಟರು ಏನು ಕೇಳಿದರೂ ‘ಇಲ್ಲ’ ಅನ್ನುತ್ತಿದ್ದರು. ಅವರು ಆಚೆ ಹೋದ ಮೇಲೆ ನಾನು ಡ್ರಿಪ್ ಸರಿಮಾಡುವಾಗ ಮೆಲ್ಲಗೆ ಬಾಯಿಬಿಡುತ್ತಿದ್ದರು: ‘ಸಿಸ್ಟರ್, ರಕ್ತ ಬರುತ್ತೆ.’ ‘ಯಾವಾಗಿನಿಂದ?’ ಅಂದರೆ, ‘ಹೋದ ವರ್ಷದಿಂದ.’ ಆ ಒಂದು ವರ್ಷವನ್ನು ತಿಂದದ್ದು ನಾಚಿಕೆ. ಅಷ್ಟರಲ್ಲಿ ಕರುಳು ಊದಿ ಊದಿ, ಗಾಯದ ಗುರುತು ಕಟ್ಟಿ, ಒಳದಾರಿಯೇ ಕಿರಿದಾಗಿರುತ್ತಿತ್ತು.

ಆದ್ದರಿಂದ ಡಾಕ್ಟರ ಹತ್ತಿರ ಎಲ್ಲವನ್ನೂ ಹೇಳು. ದಿನಕ್ಕೆ ಎಷ್ಟು ಸಲ ಹೋಗುತ್ತೀಯ, ನೀರು ನೀರಾಗಿದೆಯೋ, ಸಿಂಬಳದಂಥದ್ದೋ ರಕ್ತವೋ ಇದೆಯೋ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೋ. ರಾತ್ರಿ ಏಳಿಸುವ ಭೇದಿಗೆ ಡಾಕ್ಟರು ತುಂಬ ಬೆಲೆ ಕೊಡುತ್ತಾರೆ. ಬಾಯಿಹುಣ್ಣು, ಮಂಡಿನೋವು, ಕಣ್ಣು ಕೆಂಪಾಗುವುದು ಇದ್ದರೆ ಅದೂ ಮುಖ್ಯ, ಯಾಕೆಂದರೆ ಕ್ರೋನ್ಸ್ ಕರುಳಿನಾಚೆಗೂ ಕಾಣಿಸಿಕೊಳ್ಳುತ್ತದೆ. ಕೂರಲು ಆಗದ ಹಾಗೆ ಹಿಂಭಾಗದಲ್ಲಿ ನೋವು, ಬಿರುಕು, ಕೀವು ಇದ್ದರೆ ಖಂಡಿತ ಹೇಳು. ಅವರು ನೋಡಬೇಕು ಅಂದರೆ ತೋರಿಸು. ಅಮ್ಮ ಆಚೆ ಇರಲಿ ಅನ್ನಿಸಿದರೆ ಹಾಗೇ ಕೇಳು, ನಿನಗೆ ಆ ಹಕ್ಕಿದೆ. ಬಾಯಲ್ಲಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಡು. ಮಲಪರೀಕ್ಷೆಗೆ ಡಬ್ಬಿ ಕೊಟ್ಟಾಗ ಮುಖ ಸಿಂಡರಿಸಬೇಡ. ಕರುಳು ಊದಿಕೊಂಡಿದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಏರುತ್ತದೆ. ಸೂಜಿಯಿಲ್ಲದೆ, ನೋವಿಲ್ಲದೆ ತುಂಬ ಸುದ್ದಿ ಕೊಡುವ ಪರೀಕ್ಷೆ ಅದು.

ಬುಧವಾರದ ಬಗ್ಗೆ ನಿನಗಿರುವ ಭಯ ನನಗೆ ಗೊತ್ತು. ನಿಜ ಹೇಳುತ್ತೇನೆ, ಕಷ್ಟ ಇರುವುದು ಹಿಂದಿನ ದಿನ. ನೀರಿನಲ್ಲಿ ಪುಡಿ ಕದಡಿ ಗಂಟೆಗಟ್ಟಲೆ ಕುಡಿಯಬೇಕು, ಉಪ್ಪುಪ್ಪು, ವಾಕರಿಕೆ ಬರುತ್ತದೆ. ಚೆನ್ನಾಗಿ ತಣ್ಣಗೆ ಮಾಡಿಕೊಂಡು ಕುಡಿ. ಮಧ್ಯೆ ಎಳನೀರು ಕುಡಿಯಬಹುದಾ ಅಂತ ಕೇಳಿಕೋ. ಬಚ್ಚಲಿಗೆ ಹತ್ತಿರದ ಕೋಣೆಯಲ್ಲೇ ಇರು. ಪರೀಕ್ಷೆಯ ಹೊತ್ತಿಗೆ ಮಂಪರಿನ ಔಷಧಿ ಕೊಡುತ್ತಾರೆ, ಎಚ್ಚರವಾದಾಗ ಮುಗಿದಿರುತ್ತದೆ. ಒಳಗಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ಚಿವುಟಿ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಅದು ನಿನಗೆ ತಿಳಿಯುವುದೂ ಇಲ್ಲ. ಎದ್ದಮೇಲೆ ಸ್ವಲ್ಪ ಗ್ಯಾಸ್, ಅಷ್ಟೇ. ವರದಿ ಬರಲು ಕೆಲವು ದಿನ ಬೇಕು. ಆ ದಿನಗಳಲ್ಲಿ ಮೊಬೈಲಿನಲ್ಲಿ ಹುಡುಕಬೇಡ. ಅಲ್ಲಿ ಬರೆಯುವವರು ಹೆಚ್ಚಾಗಿ ತುಂಬ ಕಷ್ಟದಲ್ಲಿರುವವರು. ಚೆನ್ನಾಗಿರುವವರು ಓದಿಗೋ ಕೆಲಸಕ್ಕೋ ಹೋಗಿರುತ್ತಾರೆ.

ಕ್ರೋನ್ಸ್ ಎಂದೇ ಆಯಿತು ಅಂತಿಟ್ಟುಕೋ. ಪೂರ್ತಿ ವಾಸಿಯಾಗಿ ಹೋಗಿಬಿಡುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಜೊತೆಯಲ್ಲೇ ಇರುವ ಕಾಯಿಲೆ ಅದು, ಕೆಲಕಾಲ ಸುಮ್ಮನಿದ್ದು ಮತ್ತೆ ಕೆರಳುತ್ತದೆ. ಆದರೆ ಸುಮ್ಮನಿರಿಸುವ ದಾರಿಗಳು ಈಗ ಬಹಳ. ನಿನ್ನ ವಯಸ್ಸಿನವರಿಗೆ ಅನೇಕ ಸಲ ಮೊದಲು ಮಾಡುವುದು ಆರರಿಂದ ಎಂಟು ವಾರ ಬೇರೆ ಊಟವೇ ಇಲ್ಲದೆ, ವಿಶೇಷ ಪೌಷ್ಟಿಕ ದ್ರವ ಆಹಾರ ಮಾತ್ರ ಕೊಡುವುದು. ಹೆಚ್ಚಿನ ಮಕ್ಕಳಲ್ಲಿ ಅಷ್ಟಕ್ಕೇ ಊತ ಇಳಿಯುತ್ತದೆ, ಸ್ಟೀರಾಯ್ಡ್ ಬೇಕಾಗುವುದಿಲ್ಲ. ಮುದ್ದೆ, ಬಸ್ಸಾರಿನ ವಾಸನೆ ಮನೆಯಲ್ಲಿ ಹರಡಿರುವಾಗ ನೀನೊಬ್ಬ ಹಾಗಿರುವುದು ದೊಡ್ಡ ತಪಸ್ಸೇ. ಆಮೇಲೆ ಅಜಥಯೋಪ್ರಿನ್ ಥರದ ಮಾತ್ರೆ, ಅದು ಸಾಲದಿದ್ದರೆ ಎಂಟು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಇನ್‌ಫ್ಲಿಕ್ಸಿಮಾಬ್, ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಅಡಾಲಿಮುಮಾಬ್. ಇವು ದುಬಾರಿಯೇ, ಆದರೂ ನಮ್ಮ ದೇಶದಲ್ಲೇ ತಯಾರಾಗುವುದರಿಂದ ಮೊದಲಿಗಿಂತ ಕೈಗೆಟುಕುತ್ತವೆ. ದುಡ್ಡಿನ ಚಿಂತೆ ನಮಗೆ ಬಿಡು. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಇದೇ ಕಾಯಿಲೆಗೆ 1956ರ ಜೂನ್‌ನಲ್ಲಿ ಕರುಳಿನ ಆಪರೇಷನ್ ಆಯಿತು, ಅದೇ ವರ್ಷ ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು. ಆಗ ಈ ಹೊಸ ಔಷಧಿಗಳು ಒಂದೂ ಇರಲಿಲ್ಲ.

ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ, ಇನ್ನೂ ಮೀಸೆ ಚಿಗುರಿಲ್ಲ ಅಂತ ನಿನಗೆ ಒಳಗೊಳಗೇ ಬೇಜಾರಿದೆ. ಹೇಳದಿದ್ದರೂ ನನಗೆ ಕಾಣುತ್ತದೆ. ಕರುಳು ಕೆರಳಿರುವಾಗ ಮೈ ಬೆಳವಣಿಗೆ ಹಿಂದೆ ಬೀಳುತ್ತದೆ. ಎಲುಬು ಬೆಳೆಯುವ ವಯಸ್ಸು ಮುಗಿಯುವ ಮೊದಲು ಊತ ಹಿಡಿತಕ್ಕೆ ಬಂದರೆ ಮಕ್ಕಳು ಎತ್ತರವಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೂ ಈಗಲೇ ಬಾಯಿಬಿಡಬೇಕು ಅನ್ನುವುದು.

ಅಜ್ಜಿ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಸಿಕೋ, ಅವರಿಗೆ ಸಮಾಧಾನ. ಆದರೆ ಯಾರೇ ಕೊಟ್ಟರೂ ಹೆಸರಿಲ್ಲದ ಪುಡಿ, ಲೇಹ್ಯ ಬೇಡ. ನೋವಿಗೆ ಅಂಗಡಿಯಿಂದ ಬ್ರೂಫೆನ್ ತಂದು ನುಂಗುವುದೂ ಬೇಡ, ಅದು ಕರುಳನ್ನು ಇನ್ನಷ್ಟು ಕೆರಳಿಸಬಹುದು. ಸ್ಕೂಲಿನ ವಿಷಯ ನಾನೇ ನೋಡಿಕೊಳ್ಳುತ್ತೇನೆ. ಡಾಕ್ಟರ ಚೀಟಿ ಹಿಡಿದು ಹೆಡ್‌ಮಾಸ್ಟರ ಹತ್ತಿರ ಹೋಗಿ, ಪಾಠದ ಮಧ್ಯೆ ಕೇಳದೆ ಎದ್ದುಹೋಗಲು ನಿನಗೆ ಅನುಮತಿ, ಸ್ಟಾಫ್ ಟಾಯ್ಲೆಟ್ಟಿನ ಬೀಗದ ಕೈ, ಎರಡನ್ನೂ ಕೇಳುತ್ತೇನೆ. ಎಸ್ಸೆಸ್ಸೆಲ್ಸಿ ಆಮೇಲೆ.

ಮಂಗಳವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಪುಡಿ ಕುಡಿಯುವಾಗ ಪಕ್ಕದಲ್ಲಿರುತ್ತೇನೆ, ಬೇಡ ಅಂದರೆ ಹಜಾರದಲ್ಲಿ ಕೂತಿರುತ್ತೇನೆ. ಅಷ್ಟರೊಳಗೆ ನಾನು ಹೇಳಿದ್ದನ್ನೆಲ್ಲ, ದಿನಕ್ಕೆಷ್ಟು ಸಲ ಅನ್ನುವುದರಿಂದ ಹಿಡಿದು, ಒಂದು ಹಾಳೆಯಲ್ಲಿ ಬರೆದಿಡು. ನನಗೆ ತೋರಿಸಬೇಕಿಲ್ಲ, ಡಾಕ್ಟರ ಕೈಗೆ ನೀನೇ ಕೊಡು.

ಇಂತಿ ನಿನ್ನ ಪ್ರೀತಿಯ
ಅತ್ತೆ