ಒಲೆ ಹೊತ್ತಿಸದ ಬೆಳಗಿನ ತಿಂಡಿ

ಸಂಜೆ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಬಂಧುಗಳಲ್ಲಿ ಬಹಳ ಜನ ಮೊದಲನೆಯ ಪಾಳಿಯವರು. ಬೆಳಗಾಗುವ ಮೊದಲೇ ಮನೆ ಬಿಡತಕ್ಕವರು. ಅನೇಕರ ಮಕ್ಕಳ ಶಾಲೆಯೂ ಬೆಳಗಿನ ಪಾಳಿಯದೇ. ಮನೆಮಂದಿಯೆಲ್ಲ ಒಂದೇ ಗಳಿಗೆಯಲ್ಲಿ ಹೊರಡಬೇಕಾದಾಗ ಉಪ್ಪಿಟ್ಟು ತಿರುವಲು ವೇಳೆ ಎಲ್ಲಿಯದು? ಮಗುವಿಗೆ ಒಂದು ಲೋಟ ಚಹಾ, ಅದರಲ್ಲಿ ಅದ್ದಿದ ಎರಡು ಖಾರಿ, ಇಲ್ಲವೆ ಒಂದು ಮುಷ್ಟಿ ಗಾಂಠಿಯಾ. ಹತ್ತು ಗಂಟೆಯ ಹೊತ್ತಿಗೆ ಆ ಮಗು ತರಗತಿಯಲ್ಲಿ ಆಕಳಿಸುತ್ತಿರುತ್ತದೆ. ಅದನ್ನು ದಡ್ಡತನವೆಂದು ನಾವು ಗದರಿಸುತ್ತೇವೆ. ಅದು ದಡ್ಡತನವಲ್ಲ, ಹಸಿವು.

ಒಲೆ ಹೊತ್ತಿಸದೆ, ಹಾಲಿನ ಹಾದಿ ಕಾಯದೆ, ಮಕ್ಕಳು ಇಷ್ಟಪಟ್ಟು ತಿನ್ನುವ ತಿಂಡಿ ಮಾಡಲು ಬರುತ್ತದೆಯೇ? ಬರುತ್ತದೆ. ಆದರೆ ಅದಕ್ಕೆ ಕೆಲವು ನಿಯಮಗಳಿವೆ. ನಿಯಮ ತಪ್ಪಿದರೆ ಉಪಕಾರದ ಬದಲು ಅಪಕಾರವಾಗುವುದುಂಟು. ಆದುದರಿಂದ ಈ ಪಾಠವನ್ನು ಕ್ರಮವಾಗಿ ನೋಡೋಣ.

ಹಸಿ ಯಾವುದು, ಹುರಿದದ್ದು ಯಾವುದು

ಮೊದಲು ಒಂದು ಭೇದವನ್ನು ತಿಳಿಯಬೇಕು. ಬೆಂಕಿಯನ್ನೇ ಕಾಣದ ಪದಾರ್ಥ ಬೇರೆ, ನಮ್ಮ ಮನೆಯ ಒಲೆಯನ್ನು ಮಾತ್ರ ಕಾಣದ ಪದಾರ್ಥ ಬೇರೆ. ಹಣ್ಣು, ಹಸಿ ಕೊಬ್ಬರಿ, ಖರ್ಜೂರ, ಮೊಳಕೆ ಬಂದ ಹೆಸರುಕಾಳು, ಇವು ಮೊದಲನೆಯ ವರ್ಗ. ಅವಲಕ್ಕಿ, ಚುರುಮುರಿ, ಪುಠಾಣಿ, ರಾಗಿಯ ಹುರಿಹಿಟ್ಟು, ಇವು ಎರಡನೆಯ ವರ್ಗ. ಅವಲಕ್ಕಿ ಮಾಡುವಾಗ ಬತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡುತ್ತಾರೆ. ಆ ಕಾವಿನಲ್ಲಿ ಅಕ್ಕಿಯೊಳಗಿನ ಪಿಷ್ಟ ಬೆಂದಂತಾಗಿರುತ್ತದೆ. ಆದ್ದರಿಂದಲೇ ತಣ್ಣೀರು ಸೋಕಿದರೆ ಸಾಕು, ಅವಲಕ್ಕಿ ಮೆತ್ತಗಾಗುತ್ತದೆ. ಅಕ್ಕಿಯನ್ನು ರಾತ್ರಿಯಿಡೀ ನೆನೆಸಿದರೂ ಹಾಗಾಗುವುದಿಲ್ಲ; ಅದನ್ನು ತಿಂದರೆ ಹೊಟ್ಟೆ ನೋಯುತ್ತದೆ.

ಇದು ನಮ್ಮ ದೇಶದ್ದಷ್ಟೇ ವಿಚಾರವಲ್ಲ. ಸ್ವಿಟ್ಸರ್ಲೆಂಡಿನ ವೈದ್ಯ ಬಿರ್ಖರ್-ಬೆನ್ನರ್ ಅವರು ಸುಮಾರು 1900ರ ಹೊತ್ತಿಗೆ ತಮ್ಮ ರೋಗಿಗಳಿಗೆ ಇಂಥದೊಂದು ತಿಂಡಿ ಕೊಡತೊಡಗಿದರು. ಒಂದು ಚಮಚ ಓಟ್ಸನ್ನು ಮೂರು ಚಮಚ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅದಕ್ಕೆ ಸಿಪ್ಪೆ ಸಹಿತ ತುರಿದ ಸೇಬು, ನಿಂಬೆರಸ, ಪುಡಿ ಮಾಡಿದ ಬಾದಾಮಿ, ಡಬ್ಬಿಯ ಗಟ್ಟಿ ಹಾಲು ಸೇರಿಸುವುದು ಅವರ ಕ್ರಮ. ಅದೇ ಈಗ ಮ್ಯೂಸ್ಲಿ ಎಂಬ ಹೆಸರಿನಲ್ಲಿ ಬಣ್ಣದ ಪೆಟ್ಟಿಗೆಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಓಟ್ಸಿನ ಜಾಗದಲ್ಲಿ ಅವಲಕ್ಕಿ, ಸೇಬಿನ ಜಾಗದಲ್ಲಿ ಬಾಳೆಹಣ್ಣು, ಡಬ್ಬಿ ಹಾಲಿನ ಜಾಗದಲ್ಲಿ ತೆಂಗಿನ ಹಾಲು ಇಟ್ಟು ನೋಡಿರಿ. ಅದು ನಮ್ಮ ಅಜ್ಜಿಯರು ಗೋಕುಲಾಷ್ಟಮಿಗೆ ಮಾಡುತ್ತಿದ್ದ ಸಿಹಿ ಅವಲಕ್ಕಿಯೇ ಆಗುತ್ತದೆ. ಇಲ್ಲಿಯವರೂ ಶರದ್ ಪೂರ್ಣಿಮೆಯ ರಾತ್ರಿ ತಣ್ಣನೆಯ ಹಾಲಿನಲ್ಲಿ ಅವಲಕ್ಕಿ ನೆನೆಸಿ, ಬೆಳದಿಂಗಳಲ್ಲಿಟ್ಟು ತಿನ್ನುತ್ತಾರೆ. ನಮ್ಮ ಮಕ್ಕಳು ಆ 'ದೂಧ್ ಪೌಂವಾ'ವನ್ನು ನೆರೆಮನೆಯಲ್ಲಿ ಬೇಡಿ ತಿಂದು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ರುಚಿ ಅವರಿಗೆ ಹೊಸದಲ್ಲ.

ಸಾಬರಮತಿಯ ಒಂದು ಪಾಠ

ಬೇಯಿಸದ ಆಹಾರದ ದೊಡ್ಡ ಪ್ರಯೋಗವೊಂದು 1929ರಲ್ಲಿ ನಡೆಯಿತು. ಅದನ್ನು ಮಾಡಿದವರು ನಮ್ಮ ಈ ಅಹಮದಾಬಾದಿನ ಸಾಬರಮತಿ ಆಶ್ರಮದ ಗಾಂಧೀಜಿಯವರು. ಆ ವರ್ಷದ ಜೂನ್ ತಿಂಗಳಲ್ಲಿ ಅವರು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ತಮ್ಮ ದಿನದ ಆಹಾರದ ಲೆಕ್ಕವನ್ನು ಪ್ರಕಟಿಸಿದರು. ಮೊಳಕೆ ಗೋಧಿ 8 ತೊಲ, ಅರೆದ ಬಾದಾಮಿ 8 ತೊಲ, ಜಜ್ಜಿದ ಹಸಿ ಸೊಪ್ಪು 8 ತೊಲ, ಆರು ನಿಂಬೆಹಣ್ಣು, ಸ್ವಲ್ಪ ಜೇನು. 8 ತೊಲವೆಂದರೆ ಈಗಿನ ಸುಮಾರು 93 ಗ್ರಾಂ. ಒಮ್ಮೊಮ್ಮೆ ಗೋಧಿಗೆ ಬದಲು ಮೊಳಕೆ ಕಡಲೆ. ಆಗ ಬಾದಾಮಿಗೆ ಬದಲು ತೆಂಗಿನ ಹಾಲು. ಜೊತೆಯವರು ಕೆಲವರೂ ಈ ಪ್ರಯೋಗಕ್ಕೆ ಸೇರಿದ್ದರು.

ಆದರೆ ಅದೇ ವರ್ಷ ಗಾಂಧೀಜಿಯವರಿಗೆ ಆಮಶಂಕೆ ಹತ್ತಿ, ಪ್ರಯೋಗವನ್ನು ಬಿಡಬೇಕಾಯಿತು. ಅದನ್ನೂ ಅವರು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿಯೇ ಬರೆದರು. ನಾವು ಇದರಿಂದ ಕಲಿಯಬೇಕಾದುದು ಇಷ್ಟು: ಹಸಿ ಆಹಾರವನ್ನು ವ್ರತವಾಗಿ ಹಿಡಿಯಬಾರದು, ಅನುಕೂಲವಾಗಿ ಹಿಡಿಯಬೇಕು. ಅಂಥ ಹಿರಿಯರೇ ತಮ್ಮ ದೇಹದ ಮಾತು ಕೇಳಿ ಹಿಂದೆ ಸರಿದಿರುವಾಗ, ಬೆಳೆಯುವ ಮಗುವಿನ ಹೊಟ್ಟೆಯ ಮೇಲೆ ನಾವು ಹಠ ಸಾಧಿಸತಕ್ಕದ್ದಲ್ಲ.

ಏನನ್ನು ಹಸಿಯಾಗಿ ಕೊಡಬಾರದು

ಹೆಸರುಕಾಳಿನಂತೆ ಎಲ್ಲ ಕಾಳೂ ಎಂದು ತಿಳಿಯಬೇಡಿರಿ. ರಾಜ್ಮಾ ಕಾಳಿನಲ್ಲಿ ವಿಷಾಂಶವಿದೆ. ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ. ಸೋಯಾ, ಅವರೆಕಾಳು, ಇವನ್ನೂ ಬೇಯಿಸಿಯೇ ತಿನ್ನಬೇಕು. ಇನ್ನು ಜೋಳ. ಎಳೆ ಜೋಳದ ಪೈರು ಮೇಯ್ದ ದನ ಹೊಟ್ಟೆಯುಬ್ಬಿ ಬಿದ್ದುದನ್ನು ವಿಜಾಪುರ, ಕಲಬುರಗಿ ಕಡೆಯ ನಮ್ಮ ರೈತ ಬಂಧುಗಳು ಬಲ್ಲರು. ಜೋಳದ ಮೊಳಕೆಯಲ್ಲಿಯೂ ಅದೇ ವಿಷದ ಅಂಶವಿರುತ್ತದೆ. ಆದ್ದರಿಂದ ಜೋಳಕ್ಕೆ ಮೊಳಕೆ ಬರಿಸಿ ಹಸಿಯಾಗಿ ತಿನ್ನಿಸಬಾರದು. ಚಳಿಗಾಲದಲ್ಲಿ ಸೂರತ್ತಿನಲ್ಲಿ ಮಾರುವ ಪೊಂಕ್ ಬೇರೆ. ಅದು ನಮ್ಮ ಊರಿನ ಸೀತನಿಯೇ. ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ್ದು. ಮಕ್ಕಳಿಗೆ ಧಾರಾಳವಾಗಿ ಕೊಡಬಹುದು.

ಮೊಳಕೆ ಹೆಸರಿಗೂ ಒಂದು ಎಚ್ಚರಿಕೆ ಬೇಕು. ಕಾಳು ಮೊಳೆಯುವಾಗ ಅದರ ಪಿಷ್ಟದ ಒಂದು ಭಾಗ ಸಕ್ಕರೆಯಾಗುತ್ತದೆ, ಕಬ್ಬಿಣದಂಶವೂ ಮೈಗೆ ಹತ್ತಲು ಸುಲಭವಾಗುತ್ತದೆ. ಆದರೆ ಮೊಳಕೆಗೆ ಬೇಕಾದ ತೇವ, ಸೆಕೆ, ಇವೇ ರೋಗಾಣುಗಳಿಗೂ ಬೇಕಾದವು. ಒಂದು ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿಯೇ ಕಟ್ಟಿಟ್ಟ ಮೊಳಕೆಯನ್ನು ಎರಡನೆಯ ದಿನವೂ ಉಳಿಸಿ ಬಡಿಸಿದೆವು. ಮುಟ್ಟಿದರೆ ಸ್ವಲ್ಪ ಲೋಳೆಯಿತ್ತು; ತೊಳೆದರೆ ಸರಿಹೋದೀತೆಂದು ಭಾವಿಸಿದೆವು. ಆ ರಾತ್ರಿ ಮಗುವಿಗೆ ವಾಂತಿ, ಭೇದಿ. ಮೂರು ದಿನ ಶಾಲೆ ತಪ್ಪಿತು, ನಮಗೆ ಒಂದು ದಿನದ ಪಗಾರ ಹೋಯಿತು. ಉಳಿತಾಯ ಮಾಡಹೋದದ್ದು ಒಂದು ಮುಷ್ಟಿ ಕಾಳು!

ಅಂದಿನಿಂದ ನಮ್ಮ ನಿಯಮ ಹೀಗಿದೆ. ಹಸಿ ಮೊಳಕೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ. ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ಕೊಡುವುದು. ಐದು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ಮುದುಕರಿಗೆ, ಕಾಯಿಲೆಯಿಂದ ಎದ್ದವರಿಗೆ ಯಾವ ಕಾಲದಲ್ಲಿಯೂ ಬೇಯಿಸಿದ್ದೇ. ನೆನೆಸಲು, ತೊಳೆಯಲು ಕುಡಿಯುವ ನೀರನ್ನೇ ಬಳಸುವುದು. ಹುಳಿ ವಾಸನೆ ಅಥವಾ ಲೋಳೆ ಕಂಡರೆ ಎಸೆಯುವುದು.

ನಾಲ್ಕು ಬಗೆಯ ತಿಂಡಿಗಳು

ಕೆಳಗಿನ ಅಳತೆ ಆರರಿಂದ ಹತ್ತು ವರ್ಷದ ಒಂದು ಮಗುವಿಗೆ. ಬಟ್ಟಲು ಎಂದರೆ ಸುಮಾರು 150 ಮಿಲಿಲೀಟರ್ ಹಿಡಿಯುವ ಸ್ಟೀಲ್ ಬಟ್ಟಲು.

ಮೊದಲನೆಯದು, ತೆಂಗಿನ ಹಾಲಿನ ಅವಲಕ್ಕಿ. ಮಧ್ಯಮ ಅವಲಕ್ಕಿ ಒಂದು ಬಟ್ಟಲು ತೊಳೆದು, ನೀರು ಬಸಿದು ಐದು ನಿಮಿಷ ಬಿಡಬೇಕು. ತೆಳು ಅವಲಕ್ಕಿಯಾದರೆ ತೊಳೆಯುವುದೂ ಬೇಡ, ನೀರು ಚಿಮುಕಿಸಿದರೆ ಸಾಕು. ಕಾಲು ತೆಂಗಿನಕಾಯಿಯ ತುರಿಯನ್ನು ಅರ್ಧ ಬಟ್ಟಲು ನೀರಿನೊಡನೆ ಅರೆದು ಹಿಂಡಿದ ಹಾಲು, ಒಂದು ಚಮಚ ಬೆಲ್ಲದ ಪುಡಿ, ಒಂದು ಬಾಳೆಹಣ್ಣಿನ ಹೋಳು ಸೇರಿಸಿ ಕಲಸಬೇಕು. ಕಾಯಿಯನ್ನು ಬೆಳಿಗ್ಗೆಯೇ ತುರಿಯಬೇಕು. ಇಲ್ಲಿಯ ಸೆಕೆಗೆ ತೆಂಗಿನ ಹಾಲು ಬೇಗ ಹುಳಿಯುತ್ತದೆ.

ಎರಡನೆಯದು, ಡಬ್ಬಿಯ ತಿಂಡಿ. ರವಿವಾರ ಬಿಡುವಿನಲ್ಲಿ ಚುರುಮುರಿ ಆರು ಬಟ್ಟಲು, ಪುಠಾಣಿ ಒಂದು ಬಟ್ಟಲು, ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಒಂದು ಬಟ್ಟಲು, ಎಳ್ಳು ನಾಲ್ಕು ಚಮಚ, ಒಣಕೊಬ್ಬರಿಯ ತುರಿ ಅರ್ಧ ಬಟ್ಟಲು, ಇಷ್ಟನ್ನು ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬೇಕು. ಒಂದು ಮಗುವಿಗೆ ನಾಲ್ಕು ದಿನ ಬರುತ್ತದೆ. ಬೆಳಿಗ್ಗೆ ಎರಡು ಬಟ್ಟಲು ತೆಗೆದು, ಬೀಜ ತೆಗೆದು ಹೆಚ್ಚಿದ ನಾಲ್ಕು ಖರ್ಜೂರ ಸೇರಿಸಿ, ತಿನ್ನುವ ಗಳಿಗೆಯಲ್ಲಿ ಮಾತ್ರ ತೆಂಗಿನ ಹಾಲು ಹನಿಸಬೇಕು. ಬೂಸಲು ಹಿಡಿದ, ಕಪ್ಪಾದ, ಸುರುಟಿದ ಶೇಂಗಾವನ್ನು ಮೊದಲೇ ಆರಿಸಿ ಎಸೆಯಬೇಕು. ಅಂಥದರಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷವಿರುತ್ತದೆ.

ಮೂರನೆಯದು, ರಾಗಿ ಹುರಿಹಿಟ್ಟು. ಮೈಸೂರು ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರಳಿಸಿದ ರಾಗಿಯ ಹಿಟ್ಟು ಅರ್ಧ ಬಟ್ಟಲು, ಬೆಲ್ಲದ ನೀರು, ಕಾಯಿತುರಿ, ಕಿವುಚಿದ ಬಾಳೆಹಣ್ಣು ಒಂದು. ಕಲಸಿ ಉಂಡೆ ಕಟ್ಟಿದರೆ ಮಗು ಓಡುತ್ತಲೇ ತಿನ್ನುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಹಾಲಿಲ್ಲದ ತಿಂಡಿಗೆ ಇದು ದೊಡ್ಡ ಬಲ.

ನಾಲ್ಕನೆಯದು ಮಾತ್ರ ನಿಜವಾದ ಹಸಿ ತಿಂಡಿ. ಎರಡು ದಿನ ಮೊದಲು ರಾತ್ರಿ ಹೆಸರುಕಾಳು ನೆನೆಸಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಮೂರು ಸಲ ನೀರು ತೋರಿಸಬೇಕು. ಮೊಳಕೆ ಗೋಧಿಕಾಳಿನುದ್ದ ಬಂದರೆ ಸಾಕು. ಅರ್ಧ ಬಟ್ಟಲು ಮೊಳಕೆಗೆ ಕಾಯಿತುರಿ, ಹೆಚ್ಚಿದ ಖರ್ಜೂರ, ದಾಳಿಂಬೆ ಅಥವಾ ಚಿಕ್ಕು, ನಾಲ್ಕು ಹನಿ ನಿಂಬೆರಸ. ನಿಂಬೆ ಕೇವಲ ರುಚಿಗಲ್ಲ. ಕಾಳಿನ ಕಬ್ಬಿಣದಂಶ ಮೈಗೆ ಹತ್ತಲು ಅದು ಸಹಾಯಕ. ಚಹಾ ಇದಕ್ಕೆ ವಿರೋಧಿ. ಆದುದರಿಂದ ತಿಂಡಿಯ ಜೊತೆಗೆ ಮಕ್ಕಳಿಗೆ ಚಹಾ ಕೊಡಬೇಡಿರಿ.

ಕಿರಾಣಿ ಅಂಗಡಿಯಲ್ಲಿ ಕೇಳುವಾಗ ಹೊಸಬರಿಗೆ ತೊಡಕಾಗದಿರಲೆಂದು ಇಲ್ಲಿಯ ಹೆಸರುಗಳನ್ನು ಕೊಡುತ್ತೇವೆ. ಅವಲಕ್ಕಿಗೆ ಪೌಂವಾ, ಚುರುಮುರಿಗೆ ಮಮರಾ, ಪುಠಾಣಿಗೆ ದಾಳಿಯಾ, ಶೇಂಗಾಕ್ಕೆ ಶಿಂಗದಾಣಾ, ಎಳ್ಳಿಗೆ ತಲ, ರಾಗಿಗೆ ನಾಗಲಿ, ಬೆಲ್ಲಕ್ಕೆ ಗೋಳ. ಹೆಸರುಕಾಳಿಗೆ 'ಮಗ' ಎನ್ನುತ್ತಾರೆ; ಅರ್ಧ ಕಿಲೋ 'ಮಗ' ಕೊಡಿರೆಂದು ಕೇಳುವಾಗ ನಗೆ ಬಂದರೆ ತಪ್ಪಿಲ್ಲ. ಹಣ್ಣನ್ನು ಕಾಲ ನೋಡಿ ಕೊಳ್ಳಬೇಕು. ಚಳಿಗಾಲಕ್ಕೆ ಪೇರಲ, ನವಸಾರಿ ಕಡೆಯ ಚಿಕ್ಕು. ಮಳೆಯ ಆರಂಭಕ್ಕೆ ಕಚ್ಛಿನ ಹಸಿ ಖಾರೀಕು. ಬಾಳೆಹಣ್ಣು ಎಲ್ಲ ಕಾಲಕ್ಕೂ.

ಮಕ್ಕಳು ಮೆಚ್ಚುವುದು ಹೇಗೆ

ನಾವು ಮೊದಲು ಮಾಡಿದ ತಪ್ಪು, ಎಲ್ಲವನ್ನೂ ರಾತ್ರಿಯೇ ಕಲಸಿಟ್ಟದ್ದು. ಬೆಳಗಾಗುವಷ್ಟರಲ್ಲಿ ಅದು ಗಂಜಿಯಂತಾಗಿತ್ತು. "ಅವ್ವಾ, ಇದು ಅಂಟಂಟು, ನನಗೆ ಒಲ್ಲೆ" ಎಂದು ಮಗು ಬಟ್ಟಲು ದೂಡಿತು. ಮಕ್ಕಳಿಗೆ ಹಲ್ಲಿನ ಕೆಳಗೆ ಕರುಂ ಎನ್ನಬೇಕು. ಆದುದರಿಂದ ಮೆತ್ತಗಿನದು ಕೆಳಗೆ, ಗರಿಯಾದದ್ದು ಮೇಲೆ, ಅದೂ ಬಾಯಿಗಿಡುವ ಮುನ್ನ.

ಎರಡನೆಯ ಉಪಾಯ, ಕೆಲಸವನ್ನು ಮಕ್ಕಳ ಕೈಗೇ ಕೊಡುವುದು. ಮಲಗುವ ಮೊದಲು ಕಾಳು ಅಳೆದು ನೀರಿಗೆ ಹಾಕುವುದು, ಬೆಳಿಗ್ಗೆ ಮೊಳಕೆ ಎಷ್ಟುದ್ದ ಬಂತೆಂದು ನೋಡುವುದು, ಬಾಳೆಹಣ್ಣು ಹೋಳು ಮಾಡುವುದು, ಇವು ಅವರವು. ತಾನು ಬೆಳೆಸಿದ ಮೊಳಕೆಯನ್ನು ಬೇಡವೆನ್ನುವ ಮಗು ಕಡಿಮೆ. ಮೂರನೆಯದು, ಎಲ್ಲ ದಿನವೂ ಬೇಡ. ವಾರಕ್ಕೆ ಎರಡು ದಿನದಿಂದ ಆರಂಭಿಸಿರಿ. ಹೊಟ್ಟೆಗೂ ನಾಲಿಗೆಗೂ ರೂಢಿಯಾದ ಮೇಲೆ ಹೆಚ್ಚಿಸಿರಿ. ಬಲವಂತ ಎಂದೂ ಬೇಡ.

ಕೊನೆಯ ಎರಡು ಮಾತು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ಪುಠಾಣಿ ಕೊಡಬಾರದು. ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೀತು. ಪುಡಿ ಮಾಡಿಯೇ ಕೊಡಬೇಕು.

ಎರಡನೆಯದಾಗಿ, ಹಾಲಿಲ್ಲದ ತಿಂಡಿಯೆಂದರೆ ಹಾಲಿಲ್ಲದ ಬಾಳು ಎಂದರ್ಥವಲ್ಲ. ಬೆಳಿಗ್ಗೆ ಹಾಲು ಬಿಟ್ಟ ಮಗು ಮಧ್ಯಾಹ್ನ ಮಜ್ಜಿಗೆ, ಮೊಸರು ಉಣ್ಣುವುದಾದರೆ ಚಿಂತೆಯಿಲ್ಲ. ಆದರೆ ತತ್ವಕ್ಕಾಗಿ ಹಾಲು, ಮೊಸರು, ಮೊಟ್ಟೆ, ಮಾಂಸ ಎಲ್ಲವನ್ನೂ ಪೂರ್ಣವಾಗಿ ಬಿಡಿಸುವ ಮನೆಯವರು ಒಂದು ಸಂಗತಿಯನ್ನು ಮರೆಯಬಾರದು. ಬಿ-12 ಎಂಬ ಜೀವಸತ್ವ ಕಾಳು, ಹಣ್ಣು, ಸೊಪ್ಪುಗಳಿಂದ ನಂಬುವಷ್ಟು ದೊರೆಯುವುದಿಲ್ಲ. ಅದರ ಕೊರತೆಯಿಂದ ರಕ್ತವೂ ನರಗಳೂ ಕೆಡುತ್ತವೆ. ಅಂಥವರು ವೈದ್ಯರನ್ನು ಕೇಳಿ ಮಗುವಿಗೆ ಅದನ್ನು ಬೇರೆಯಾಗಿ ಕೊಡಿಸಲೇಬೇಕು.

ಕುಚೇಲನು ಹಿಡಿ ಅವಲಕ್ಕಿಯನ್ನು ಕಟ್ಟಿಕೊಂಡು ಹೋದದ್ದು ಈ ಗುಜರಾತಿನ ದ್ವಾರಕೆಗೇ. ಅವನನ್ನು ಇಲ್ಲಿಯವರು ಸುದಾಮನೆಂದು ಕರೆಯುತ್ತಾರೆ. ಪೋರಬಂದರಿನಲ್ಲಿ ಅವನಿಗೆ ಗುಡಿಯೂ ಇದೆ. ಬಡವನ ಗಂಟಿನಲ್ಲಿದ್ದ ತಿಂಡಿ ಅರಮನೆಯಲ್ಲಿ ಮೆಚ್ಚುಗೆ ಪಡೆಯಿತು. ನಮ್ಮ ಗಂಟಿನಲ್ಲಿಯೂ ಅದಿದೆ. ಬರುವ ರವಿವಾರ ಒಂದು ಡಬ್ಬಿ ತುಂಬಿಟ್ಟು ನೋಡಿರಿ. ಮಕ್ಕಳು ತಿಂದರೋ, ಬಟ್ಟಲು ದೂಡಿದರೋ, ಇದ್ದುದನ್ನು ಇದ್ದಂತೆ ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಬರೆಯಬೇಕಾಗಿ ವಿನಂತಿ. ಒಬ್ಬರ ಅನುಭವ ಹತ್ತು ಮನೆಗಳಿಗೆ ದಾರಿಯಾದೀತು.