ಕೊಟ್ಟುದು, ಕೊಂಡುದು, ಕದ್ದುದು

‘ಆಟ’ ಎಂಬುದು ನಮ್ಮ ಭಾಷೆಯ ಬಹು ಹಳೆಯ ಮಾತು. ‘ಆಡು’ ಎಂಬ ಧಾತುವಿನಿಂದ ಅದು ಹುಟ್ಟಿದೆ. ಮಕ್ಕಳು ಬೀದಿಯಲ್ಲಿ ಆಡುವುದೂ ಆಟ. ಕರಾವಳಿಯ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟ. ಇಂದು ಅಂಗೈಯಲ್ಲಿ ಮಿನುಗುವ ಪುಟ್ಟ ಯಂತ್ರದೊಳಗಿನದೂ ಆಟವೇ. ಈ ಮೂರನೆಯ ಬಗೆಯ ಆಟವನ್ನು ಕುರಿತು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು: “ಬಿಟ್ಟಿಯಾಗಿ ಸಾವಿರಾರು ಆಟಗಳು ಸಿಗುತ್ತಿರುವಾಗ ಹಣ ಕೊಟ್ಟು ಏಕೆ ಕೊಳ್ಳಬೇಕು?”

ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಮೂರು ಕ್ರಿಯಾಪದಗಳ ಅರ್ಥವನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಅವು ಯಾವುವೆಂದರೆ, ಕೊಡುವುದು, ಕೊಳ್ಳುವುದು, ಕದಿಯುವುದು. ಮೂರೂ ‘ಕ’ ವರ್ಣದಿಂದಲೇ ತೊಡಗುತ್ತವೆ. ಮೂರರಿಂದಲೂ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತದೆ. ಆದರೂ ಅವುಗಳ ನಡುವೆ ಇರುವ ಅಂತರ ದೊಡ್ಡದು.

೧. ಮುಚ್ಚಿದ ಯಂತ್ರ, ತೆರೆದ ಯಂತ್ರ

ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಎರಡು ಜಾತಿ. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೯ರಲ್ಲಿ ಹೊರತಂದ ಗೇಮ್ ಬಾಯ್, ೨೦೧೭ರಲ್ಲಿ ಹೊರತಂದ ಸ್ವಿಚ್ ಮೊದಲಾದವು ಮುಚ್ಚಿದ ಯಂತ್ರಗಳು. ಸಂಸ್ಥೆ ಒಪ್ಪಿದ ಆಟ ಮಾತ್ರ ಅವುಗಳೊಳಗೆ ಪ್ರವೇಶಿಸಬೇಕೆಂಬುದು ಅವುಗಳ ನಿಯಮ. ಇದಕ್ಕೆ ಪ್ರತಿಯಾಗಿ, ಯಾರು ಬೇಕಾದರೂ ಆಟವನ್ನು ಬರೆದು ಸೇರಿಸಬಹುದಾದ ಯಂತ್ರಗಳುಂಟು. ಇವು ತೆರೆದ ಯಂತ್ರಗಳು. ದಕ್ಷಿಣ ಕೊರಿಯಾದಲ್ಲಿ ೨೦೦೧ರಲ್ಲಿ ಬಂದ ಜಿಪಿ-೩೨ ಎಂಬುದು ಈ ಹಾದಿಯನ್ನು ತೋರಿಸಿತು. ೨೦೦೫ರಲ್ಲಿ ಅಲ್ಲಿಂದಲೇ ಬಂದ ಜಿಪಿ-೨ಎಕ್ಸ್ ಯಂತ್ರವು ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದಿಂದ ನಡೆಯುತ್ತಿತ್ತು. ಅದರ ಅಭಿಮಾನಿಗಳೇ ಯೂರೋಪಿನಲ್ಲಿ ಕೂಡಿ, ಕೀಲಿಮಣೆಯುಳ್ಳ ಪಾಂಡೋರಾ ಎಂಬ ಯಂತ್ರವನ್ನು ರೂಪಿಸಿ ೨೦೧೦ರಿಂದ ಹಂಚತೊಡಗಿದರು. ಆರ್ಡುಬಾಯ್ ಎಂಬುದು ಇನ್ನೂ ಚಿಕ್ಕದು. ಅದರ ಪರದೆಯಲ್ಲಿ ಅಡ್ಡಲಾಗಿ ೧೨೮, ಉದ್ದಕ್ಕೆ ೬೪ ಚುಕ್ಕಿಗಳು. ಆಟವನ್ನಿಡಲು ಅದರಲ್ಲಿ ೩೨ ಕಿಲೋಬೈಟ್ ಸ್ಥಳ. ಹೆಚ್ಚುಕಡಿಮೆ ಈ ಲೇಖನದಷ್ಟು ಕನ್ನಡ ಬರಹ ಹಿಡಿಯುವ ಜಾಗದಲ್ಲಿ ಒಂದು ಆಟವೇ ಅಡಗಬೇಕು! ಇಂದು ಚೀನಾದಿಂದ ಬರುವ ಅಗ್ಗದ ಯಂತ್ರಗಳಲ್ಲಿಯೂ ಹಲವು ಲಿನಕ್ಸಿನಿಂದಲೇ ನಡೆಯುತ್ತವೆ.

ತೆರೆದ ಯಂತ್ರವು ಒಳ್ಳೆಯದೇ. ಆದರೆ ತೆರೆದ ಬಾಗಿಲಿನಿಂದ ಅತಿಥಿಯೂ ಬರಬಹುದು, ಕಳ್ಳಮಾಲೂ ಬರಬಹುದು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

೨. ಉಚಿತ ಬೇರೆ, ಸ್ವತಂತ್ರ ಬೇರೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊರುತ್ತದೆ. ಕನ್ನಡದಲ್ಲಿ ಈ ಗೊಂದಲವಿಲ್ಲ. ಬೆಲೆಯಿಲ್ಲದುದು ‘ಉಚಿತ’, ಕಟ್ಟಿಲ್ಲದುದು ‘ಸ್ವತಂತ್ರ’. ಇವೆರಡರ ಭೇದವನ್ನು ಯಕ್ಷಗಾನದ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು.

ಧರ್ಮಸ್ಥಳ, ಕಟೀಲು, ಮಂದಾರ್ತಿ ಮೇಳಗಳದು ಹರಕೆಯಾಟ. ನೋಡುವವರಿಗೆ ಟಿಕೆಟ್ಟಿಲ್ಲ, ದಾರಿಹೋಕನೂ ಬಯಲಲ್ಲಿ ಕುಳಿತು ನೋಡಬಹುದು. ಹಾಗೆಂದು ಆಟವಾಡುವುದಕ್ಕೆ ಖರ್ಚಿಲ್ಲವೆಂದು ಭಾವಿಸಬಾರದು. ಹರಕೆ ಹೊತ್ತ ಗೃಹಸ್ಥನು ಮೇಳಕ್ಕೆ ಹಣ ಕಟ್ಟಿರುತ್ತಾನೆ. ಸಾಲಿಗ್ರಾಮ, ಪೆರ್ಡೂರು ಮೇಳಗಳದು ಡೇರೆಯಾಟ. ಅಲ್ಲಿ ಟಿಕೆಟ್ಟು ಉಂಟು. ಆದರೆ ಕುಂಬಳೆಯ ಪಾರ್ತಿಸುಬ್ಬನವೆಂದು ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳನ್ನು ಎರಡು ಬಗೆಯ ಮೇಳಗಳೂ ಆಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಭಾಗವತರು ಪದ್ಯಗಳನ್ನು ಆರಿಸಿಕೊಳ್ಳಬಹುದು, ಅರ್ಥಧಾರಿಗಳು ಮಾತನ್ನು ಹಿಗ್ಗಿಸಬಹುದು. ಎಂದರೆ, ಪ್ರಸಂಗ ಸ್ವತಂತ್ರ, ಪ್ರದರ್ಶನಕ್ಕೆ ಬೆಲೆ. ಎರಡೂ ಒಂದೇ ಡೇರೆಯೊಳಗೆ ಕಲಹವಿಲ್ಲದೆ ಇರಬಲ್ಲವು.

ತಂತ್ರಾಂಶದಲ್ಲಿಯೂ ಹೀಗೆಯೇ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಈ ಚಳವಳಿಯು ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ಬಯಸುತ್ತದೆ: ಯಾವ ಉದ್ದೇಶಕ್ಕಾದರೂ ನಡೆಸುವುದು, ಮೂಲ ಬರಹವನ್ನು ಓದಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು. ಈ ನಾಲ್ಕರಲ್ಲಿ “ಬೆಲೆ ಕೇಳಬಾರದು” ಎಂಬ ಮಾತೇ ಇಲ್ಲ. ಸ್ವತಂತ್ರ ತಂತ್ರಾಂಶವನ್ನು ಮಾರುವುದಕ್ಕೆ ಆ ಪ್ರತಿಷ್ಠಾನದ ಸಮ್ಮತಿಯೇ ಉಂಟು.

೩. ನಾಲ್ಕು ಬಗೆಯ ಆಟಗಳು

ಬೆಲೆ ಒಂದು, ಸ್ವಾತಂತ್ರ್ಯ ಒಂದು. ಇವೆರಡನ್ನು ಕೂಡಿಸಿ ನೋಡಿದರೆ ನಾಲ್ಕು ಬಗೆಗಳಾಗುತ್ತವೆ.

ಮೊದಲನೆಯದು, ಉಚಿತವೂ ಸ್ವತಂತ್ರವೂ ಆದುದು. ೨೦೦೩ರಲ್ಲಿ ಆರಂಭವಾದ ‘ಬ್ಯಾಟಲ್ ಫಾರ್ ವೆಸ್ನಾಥ್’ ಎಂಬ ಯುದ್ಧದಾಟವನ್ನು ಹಲವು ದೇಶಗಳ ಸ್ವಯಂಸೇವಕರು ಕೂಡಿ ಕಟ್ಟಿದ್ದಾರೆ. ಪಾಂಡೋರಾ ಯಂತ್ರದ ಮೇಲೆಯೂ ಅದನ್ನು ಆಡುತ್ತಿದ್ದರು.

ಎರಡನೆಯದು, ಉಚಿತವಾದರೂ ಸ್ವತಂತ್ರವಲ್ಲದುದು. ಜಪಾನಿನ ದೈಸುಕೆ ಅಮಯಾ ಎಂಬವರು ಬಿಡುವಿನ ವೇಳೆಯಲ್ಲಿ ಸುಮಾರು ಐದು ವರ್ಷ ಒಬ್ಬರೇ ದುಡಿದು ‘ಕೇವ್ ಸ್ಟೋರಿ’ಯನ್ನು ರಚಿಸಿ, ೨೦೦೪ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಮೂಲ ಬರಹವನ್ನು ಮಾತ್ರ ಕೊಡಲಿಲ್ಲ. ೨೦೧೦ರಲ್ಲಿ ಅದರ ಪರಿಷ್ಕೃತ ರೂಪವು ನಿಂಟೆಂಡೊದ ಯಂತ್ರಕ್ಕೆ ಬೆಲೆಯೊಡನೆ ಬಂದಿತು.

ಮೂರನೆಯದು, ಸ್ವತಂತ್ರವಾದರೂ ಬೆಲೆಯುಳ್ಳದು. ‘ಮಿಂಡಸ್ಟ್ರಿ’ ಎಂಬ ಆಟದ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು. ಅದನ್ನು ಉಚಿತವಾಗಿ ಪಡೆಯುವ ದಾರಿಯೂ ಉಂಟು. ಆದರೂ ಸ್ಟೀಮ್ ಎಂಬ ಮಾರಾಟದ ತಾಣದಲ್ಲಿ ಅದಕ್ಕೆ ಬೆಲೆಯಿಟ್ಟಿದ್ದಾರೆ, ಜನರು ಕೊಳ್ಳುತ್ತಲೂ ಇದ್ದಾರೆ.

ನಾಲ್ಕನೆಯದು, ಬೆಲೆಯುಳ್ಳದು, ಸ್ವತಂತ್ರವಲ್ಲದುದು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡವು ನಮ್ಮ ಪುರಾಣಗಳ ಹಿನ್ನೆಲೆಯಲ್ಲಿ ರಚಿಸಿದ ‘ರಾಜಿ’ ಇದಕ್ಕೆ ಉದಾಹರಣೆ. ೨೦೧೭ರಲ್ಲಿ ಜನರಿಂದ ಹಣ ಕೂಡಿಸಲು ಆ ತಂಡ ಮಾಡಿದ ಪ್ರಯತ್ನ ಗುರಿ ಮುಟ್ಟಲಿಲ್ಲ. ಆದರೂ ಕೈಬಿಡದೆ ದುಡಿದು ೨೦೨೦ರ ಆಗಸ್ಟಿನಲ್ಲಿ ಸ್ವಿಚ್ ಯಂತ್ರಕ್ಕೆ ಆಟವನ್ನು ತಂದರು.

ಈ ನಾಲ್ಕೂ ನ್ಯಾಯವಾದವು. ಏಕೆಂದರೆ ನಾಲ್ಕರಲ್ಲಿಯೂ ಹೇಗೆ ಹಂಚಬೇಕೆಂಬುದನ್ನು ನಿರ್ಧರಿಸಿದವರು ಕೃತಿಯ ಒಡೆಯರು.

೪. ಐದನೆಯ ಬಗೆ

ಐದನೆಯ ಬಗೆಯೊಂದುಂಟು. ದೆಹಲಿಯ ಪಾಲಿಕಾ ಬಜಾರ್, ನೆಹರೂ ಪ್ಲೇಸ್‌ಗಳನ್ನು ಕಾಣದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ನೋಯ್ಡಾ, ಗುರುಗ್ರಾಮ, ಗಾಜಿಯಾಬಾದುಗಳ ಪೇಟೆಗಳಿಗೂ, ಮನೆಗೇ ತಂದುಕೊಡುವ ಮಾರಾಟಗಾರರಿಗೂ ಈಗ ಕೊರತೆಯಿಲ್ಲ. “ಹತ್ತು ಸಾವಿರ ಆಟಗಳು ಒಳಗೇ ಇವೆ” ಎಂಬ ಚೀಟಿಯುಳ್ಳ ಯಂತ್ರಗಳು ಮಾರಾಟಕ್ಕೆ ಬರುತ್ತವೆ. ಇಂತಹ ಯಂತ್ರದಲ್ಲಿ ಹಳೆಯ ಯಂತ್ರಗಳನ್ನು ಅನುಕರಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶವಿರುತ್ತದೆ. ಅದು ಬಹುಮಟ್ಟಿಗೆ ಸ್ವತಂತ್ರ ತಂತ್ರಾಂಶವೇ, ಅದರಲ್ಲಿ ದೋಷವಿಲ್ಲ. ಆದರೆ ಅದರ ಮೇಲೆ ನಡೆಯುವ ಆಟಗಳ ಪ್ರತಿಗಳನ್ನು ಒಡೆಯರ ಒಪ್ಪಿಗೆಯಿಲ್ಲದೆ ತುಂಬಿದ್ದರೆ ಅವು ಕಳ್ಳಪ್ರತಿಗಳು. ಪಾತ್ರೆ ಶುದ್ಧ, ಪದಾರ್ಥ ಪರರದು. ಕೊಂಡವನು ಹಣ ಕೊಟ್ಟಿದ್ದಾನೆ ನಿಜ, ಆದರೆ ಆ ಹಣದಲ್ಲಿ ಒಂದು ಕಾಸೂ ಆಟ ರಚಿಸಿದವನಿಗೆ ಮುಟ್ಟುವುದಿಲ್ಲ.

ಕಾನೂನಿನ ಮಾತನ್ನೂ ತಿಳಿದಿರಬೇಕು. ನಮ್ಮ ದೇಶದ ಕೃತಿಸ್ವಾಮ್ಯ ಅಧಿನಿಯಮವು ೧೯೫೭ರದು. ೧೯೮೪ರ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ ಎಂಬ ವ್ಯಾಖ್ಯೆಯೊಳಗೆ ಸೇರಿಸಿತು. ಕನ್ನಡದ ವಿದ್ಯಾರ್ಥಿಗಳು ಇದನ್ನು ಮನನ ಮಾಡಬೇಕು. ಕಾನೂನಿನ ಕಣ್ಣಿಗೆ ಪ್ರೋಗ್ರಾಮು ಬರೆದವನೂ ಕಾದಂಬರಿ ಬರೆದವನೂ ಒಂದೇ ಸಾಲಿನವರು. ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಜೀವಮಾನವೂ, ಅನಂತರ ೬೦ ವರ್ಷವೂ ಇರುತ್ತದೆ. ಕಳ್ಳಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಬಳಸುವುದು ಶಿಕ್ಷಾರ್ಹವೆಂದು ಅದೇ ಅಧಿನಿಯಮದ ೬೩-ಬಿ ಪ್ರಕರಣ ಹೇಳುತ್ತದೆ.

೫. ಕೊಳ್ಳುವುದರಿಂದ ಏನಾಗುತ್ತದೆ?

ದೊಡ್ಡ ಸಂಸ್ಥೆಗೆ ನಷ್ಟವಾದರೆ ನಮಗೇನೆಂದು ಕೆಲವರು ವಾದಿಸಬಹುದು. ಆದರೆ ಸ್ವಂತ ಬಲದಿಂದ ಆಟ ರಚಿಸುವವರು ದೊಡ್ಡ ಸಂಸ್ಥೆಗಳಲ್ಲ; ಒಬ್ಬರು, ಇಬ್ಬರು, ಹೆಚ್ಚೆಂದರೆ ಹತ್ತಾರು ಜನ. ೨೦೦೮ರಲ್ಲಿ ಬಂದ ‘ವರ್ಲ್ಡ್ ಆಫ್ ಗೂ’ ಎಂಬ ಮೆಚ್ಚಿಕೆ ಪಡೆದ ಆಟವನ್ನು ಮುಖ್ಯವಾಗಿ ಇಬ್ಬರೇ ರಚಿಸಿದರು. ಆಡಲ್ಪಡುತ್ತಿದ್ದ ಪ್ರತಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಕಳ್ಳಪ್ರತಿಗಳೆಂದು ಅವರೇ ಅಂದಾಜು ಮಾಡಿದರು.

ಇದಕ್ಕೆ ವಿರುದ್ಧವಾದ ಸಂಗತಿಯನ್ನೂ ಕೇಳಿರಿ. ೨೦೧೦ರ ಮೇ ತಿಂಗಳಲ್ಲಿ ಇದೇ ಆಟವನ್ನೂ ಇನ್ನು ಕೆಲವು ಚಿಕ್ಕ ತಂಡಗಳ ಆಟಗಳನ್ನೂ ಒಂದು ಕಟ್ಟಾಗಿ ಕಟ್ಟಿ, “ನಿಮಗೆ ತೋರಿದಷ್ಟು ಕೊಡಿರಿ” ಎಂದು ಜನರ ಮುಂದಿಟ್ಟರು. ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಸ್ವತಂತ್ರ ತಂತ್ರಾಂಶವಾದ ಲಿನಕ್ಸನ್ನು ಬಳಸುವವರು ಉಳಿದವರಿಗಿಂತ ಸರಾಸರಿಯಲ್ಲಿ ಹೆಚ್ಚು ಹಣ ಕೊಟ್ಟಿದ್ದರು. ಸ್ವಾತಂತ್ರ್ಯವನ್ನು ಪ್ರೀತಿಸುವವರು ಜಿಪುಣರೆಂಬ ಅಪವಾದ ಅಂದು ಸುಳ್ಳಾಯಿತು. ಹಣ ಕೂಡಿದ ಬಳಿಕ ಆ ಕಟ್ಟಿನಲ್ಲಿದ್ದ ನಾಲ್ಕು ಆಟಗಳ ಮೂಲ ಬರಹವನ್ನು ರಚಿಸಿದವರೇ ಲೋಕಕ್ಕೆ ಬಿಟ್ಟುಕೊಟ್ಟರು. ಕೊಂಡವರಿಂದಲೇ ಕೊಡುವವರಿಗೆ ದಾರಿಯಾಯಿತು.

ಭಾರತದಲ್ಲಿಯೂ ಇಂತಹ ದೃಷ್ಟಾಂತವುಂಟು. ಪೈರೋಡ್ಯಾಕ್ಟಿಲ್ ಎಂಬ ಚಿಕ್ಕ ಸಂಸ್ಥೆಯು ಪ್ರಾಚೀನ ಭಾರತವನ್ನು ಹೋಲುವ ಬರಪೀಡಿತ ನಗರವೊಂದರ ಕಥೆಯನ್ನು ‘ಅನ್‌ರೆಸ್ಟ್’ ಎಂಬ ಆಟವಾಗಿ ೨೦೧೪ರಲ್ಲಿ ಹೊರತಂದಿತು. ಜನರು ಮುಂಗಡವಾಗಿ ಕೊಟ್ಟ ಹಣವೇ ಅದಕ್ಕೆ ಆಧಾರ. ಆ ಆಟವನ್ನು ನಡೆಸುವ ‘ಕ್ರ್ಯಾಬ್’ ಎಂಬ ತಂತ್ರಾಂಶವು ಇಂದು ಸ್ಕಮ್‌ವಿಎಂ ಎಂಬ ಸ್ವತಂತ್ರ ತಂತ್ರಾಂಶದೊಳಗೆ ಸೇರಿದೆ. ಸ್ಕಮ್‌ವಿಎಂ ಜಿಪಿ-೩೨ರ ಕಾಲದಿಂದಲೂ ತೆರೆದ ಯಂತ್ರಗಳ ಗೆಳೆಯ. ಕಥೆಗೆ ಬೆಲೆ ಕೊಟ್ಟರು. ನಡೆಸುವ ಯಂತ್ರಾಂಗ ಎಲ್ಲರ ಸೊತ್ತಾಯಿತು.

೬. ಕನ್ನಡಕ್ಕೆ ಇದರಿಂದೇನು?

ಮುಚ್ಚಿದ ಯಂತ್ರಕ್ಕೆ ಕನ್ನಡ ಬಾರದಿದ್ದರೆ ನಾವು ಕಲಿಸುವಂತಿಲ್ಲ. ತೆರೆದ ಯಂತ್ರಕ್ಕೆ ಕಲಿಸಬಹುದು. ‘ಸ್ತ್ರೀ’ ಎಂಬ ಒಂದಕ್ಷರದ ಪದವನ್ನೇ ನೋಡಿರಿ. ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತಕ್ಷರವಾಗಿ ಜೋಡಿಸುವ ತಂತ್ರಾಂಶವಿಲ್ಲದಿದ್ದರೆ ಅಕ್ಷರಗಳು ಮುರಿದು ಬೀಳುತ್ತವೆ. ಈ ಜೋಡಣೆಯನ್ನು ಮಾಡುವ ಹಾರ್ಫ್‌ಬಜ್ ಸ್ವತಂತ್ರ ತಂತ್ರಾಂಶ. ಆಟಗಳನ್ನು ರಚಿಸುವ ಸಾಧನವಾದ ಗೊಡೊ ಸ್ವತಂತ್ರ. ೨೦೨೩ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಿಂದ ಇಂತಹ ಅಕ್ಷರಜೋಡಣೆ ಅದರಲ್ಲಿ ಅಡಕವಾಗಿದೆ. ಗುಬ್ಬಿ, ನವಿಲು, ನೋಟೊ ಸ್ಯಾನ್ಸ್ ಕನ್ನಡ ಮೊದಲಾದ ಅಕ್ಷರಶೈಲಿಗಳೂ ಸ್ವತಂತ್ರ ಪರವಾನಗಿಯವು. ಕೆ. ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಸ್ವಂತಕ್ಕೆ ಕಟ್ಟಿಕೊಳ್ಳದೆ ನಾಡಿಗೆ ಬಿಟ್ಟರು. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಿಂದ ಹಲವು ವರ್ಷ ಉಚಿತವಾಗಿ ದೊರೆತು ಅಸಂಖ್ಯ ಕನ್ನಡಿಗರ ಕೈಗೆ ಲೇಖನಿಯಾಯಿತು, ಮುಂದಿನ ಆವೃತ್ತಿಗಳಿಗೆ ಅವರು ಬೆಲೆಯಿಟ್ಟರು. ಎರಡೂ ಅವರ ಹಕ್ಕೇ.

ಹೀಗೆ ಸಾಧನಗಳೆಲ್ಲ ಕೊಡುಗೆಯಾಗಿ ನಮ್ಮೆದುರಿಗಿವೆ. ಇನ್ನು ಕನ್ನಡದಲ್ಲಿ ಒಳ್ಳೆಯ ಕಥೆಯುಳ್ಳ ಆಟವೊಂದು ಬರಬೇಕಾದರೆ ಯಾರಾದರೂ ಎರಡು ಮೂರು ವರ್ಷ ಕುಳಿತು ಬರೆಯಬೇಕು, ಚಿತ್ರಿಸಬೇಕು, ರಾಗ ಕೂಡಿಸಬೇಕು. ಆ ವರ್ಷಗಳಲ್ಲಿ ಅವರ ಮನೆಯ ಒಲೆ ಉರಿಯಬೇಕು. ಕನ್ನಡ ಬಲ್ಲವರು ಕೋಟಿಗಟ್ಟಲೆ ಇದ್ದರೂ, ಕೊಳ್ಳುವವರಿಲ್ಲದಿದ್ದರೆ ಅಂತಹ ಆಟ ಹುಟ್ಟುವುದಿಲ್ಲ.

೭. ನಡೆಯ ನಿಯಮಗಳು

ವಿದ್ಯಾರ್ಥಿಯ ಕೈಯಲ್ಲಿ ಹಣವಿರುವುದಿಲ್ಲ. ಇದು ತಪ್ಪಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಹಣವಿಲ್ಲದವನ ನ್ಯಾಯವಾದ ಪಾಲು ಕಳ್ಳಪ್ರತಿಯಲ್ಲ, ಸ್ವತಂತ್ರ ತಂತ್ರಾಂಶ. ಅದನ್ನು ತಲೆಯೆತ್ತಿ ಬಳಸಬಹುದು, ಗೆಳೆಯನಿಗೂ ಕೊಡಬಹುದು. ಆದುದರಿಂದ ಇಷ್ಟನ್ನು ನೆನಪಿಡಿರಿ: ಕೊಟ್ಟುದನ್ನು ಕೃತಜ್ಞತೆಯಿಂದ ತೆಗೆದುಕೊಳ್ಳಿರಿ, ಅದರ ಋಣವನ್ನು ದೋಷವೊಂದನ್ನು ತಿಳಿಸಿಯೋ, ನಾಲ್ಕು ವಾಕ್ಯಗಳನ್ನು ಕನ್ನಡಿಸಿಯೋ ತೀರಿಸಿರಿ. ಬೆಲೆಯಿಟ್ಟುದನ್ನು ಬೇಕಾದರೆ ಕೊಳ್ಳಿರಿ, ಆಗದಿದ್ದರೆ ಕಾಯಿರಿ. ವರ್ಷಕ್ಕೆ ಒಂದಾದರೂ ಆಟವನ್ನು ಹಿರಿಯರನ್ನು ಕೇಳಿ ನ್ಯಾಯವಾಗಿ ಕೊಂಡರೆ, ಎಲ್ಲಿಯೋ ಒಬ್ಬನು ಇನ್ನೊಂದು ಆಟವನ್ನು ಬರೆಯಲು ಕುಳಿತುಕೊಳ್ಳುತ್ತಾನೆ. ಮುಂದೊಂದು ದಿನ ಹಾಗೆ ಕುಳಿತುಕೊಳ್ಳುವವರು ನೀವೇ ಆಗಬಹುದು.

ಅಭ್ಯಾಸ

೧. ‘ಉಚಿತ’ ಮತ್ತು ‘ಸ್ವತಂತ್ರ’ ಪದಗಳ ಭೇದವನ್ನು ಯಕ್ಷಗಾನದ ದೃಷ್ಟಾಂತದಿಂದ ವಿವರಿಸಿರಿ.
೨. ನೀವು ಬಲ್ಲ ನಾಲ್ಕು ಆಟಗಳನ್ನು ಹೆಸರಿಸಿ, ಅವು ಯಾವ ಯಾವ ಬಗೆಗೆ ಸೇರುತ್ತವೆಂದು ಬರೆಯಿರಿ.
೩. ಎಮ್ಯುಲೇಟರಿಗೂ ಅದರ ಮೇಲೆ ನಡೆಯುವ ಆಟಕ್ಕೂ ಇರುವ ವ್ಯತ್ಯಾಸವೇನು?
೪. “ಕೊಂಡವರಿಂದಲೇ ಕೊಡುವವರಿಗೆ ದಾರಿಯಾಯಿತು”: ಈ ಮಾತನ್ನು ಸಮರ್ಥಿಸಿರಿ.
೫. ಕನ್ನಡದಲ್ಲಿ ನೀವು ರಚಿಸಬಯಸುವ ಆಟದ ಕಥೆಯನ್ನು ಹತ್ತು ವಾಕ್ಯಗಳಲ್ಲಿ ಬರೆದು, ಅದನ್ನು ಕೊಡುವಿರೋ ಮಾರುವಿರೋ ಎಂಬುದನ್ನು ಕಾರಣಸಹಿತ ತಿಳಿಸಿರಿ.