ಮರೆಯುವುದಕ್ಕೂ ಗಮನ ಬೇಕು




ಕಳೆದ ವಾರ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ಆಗಿದ್ದನ್ನೆಲ್ಲ ಮರೆತುಬಿಡಿ ಅಂತಾರಲ್ಲಣ್ಣ, ಮರೆಯೋದು ನಮ್ಮ ಕೈಲಿ ಇದೆಯಾ?"

ಸ್ವಲ್ಪ ಮಟ್ಟಿಗೆ ಇದೆ. ಆದರೆ ನೂಕಿದರೆ ಹೋಗುವುದಿಲ್ಲ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂಬ ಕಥೆ ನಮಗೆಲ್ಲ ಗೊತ್ತು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪರೀಕ್ಷಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಬಂತೋ ಇಲ್ಲವೋ ಎಂದು ಮನಸ್ಸು ಕಾವಲು ಕೂತರೆ, ಆ ಕಾವಲೇ ಅದನ್ನು ಕರೆತರುತ್ತದೆ.

ನನ್ನದೇ ಒಂದು ಉದಾಹರಣೆ. ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು "ನೀವು ಯಾವ ಜನ?" ಎಂದರು. ಹೇಳಿದೆ. "ಮನೆ ಆಗಲೇ ಮಾತಾಗಿದೆ" ಎಂದರು. ಮುಂದಿನ ವಾರವೂ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಆ ಮಾತು ತಿಂಗಳುಗಟ್ಟಲೆ ರಾತ್ರಿ ಬರುತ್ತಿತ್ತು. ಹೀಗೆ ಹೇಳಬೇಕಿತ್ತು, ಹಾಗೆ ಕೇಳಬೇಕಿತ್ತು ಎಂದು ಕತ್ತಲಲ್ಲಿ ಉತ್ತರ ಕಟ್ಟುತ್ತಾ ಮಲಗುತ್ತಿದ್ದೆ.

ಮಜ್ಝಿಮ ನಿಕಾಯದ 20ನೆಯ ಸುತ್ತ, ವಿತಕ್ಕಸಂಠಾನ ಸುತ್ತ, ಇಂಥ ಯೋಚನೆಗಳಿಗೆ ಐದು ಉಪಾಯ ಹೇಳುತ್ತದೆ. ಮೂರನೆಯದು 'ಅಸತಿ ಅಮನಸಿಕಾರ': ನೆನೆಯದಿರುವುದು, ಮನಸ್ಸು ಕೊಡದಿರುವುದು. ಕಣ್ಣಿದ್ದವನು ಎದುರಿಗಿರುವುದನ್ನು ನೋಡಲು ಬಯಸದಿದ್ದಾಗ ಕಣ್ಣು ಮುಚ್ಚುತ್ತಾನೆ, ಇಲ್ಲವೇ ಬೇರೆ ಕಡೆ ತಿರುಗುತ್ತಾನೆ ಎಂಬ ಹೋಲಿಕೆ. ಹಲ್ಲು ಕಚ್ಚಿ ಮನಸ್ಸನ್ನು ಅದುಮುವುದನ್ನು ಬುದ್ಧರು ಐದನೆಯದಾಗಿ, ಕಟ್ಟಕಡೆಗೆ ಇಟ್ಟಿದ್ದಾರೆ. ನಾವು ಶುರುಮಾಡುವುದೇ ಅಲ್ಲಿಂದ!

ತಿರುಗಬೇಕಾದರೆ ಎದುರಿಗೆ ಏನಿದೆ ಎಂದು ಮೊದಲು ಗೊತ್ತಿರಬೇಕು. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಜನರಿಗೆ ಮುಖಗಳ, ಸ್ಥಳಗಳ ಚಿತ್ರ ತೋರಿಸಿ, ಒಂದೊಂದಕ್ಕೂ ನೆನಪಿಡಿ ಅಥವಾ ಮರೆಯಿರಿ ಎಂದು ಹೇಳಿ, ಮಿದುಳಿನ ಸ್ಕ್ಯಾನ್ ನೋಡಿದರು. ಮರೆಯಲು ಹೇಳಿದಾಗಲೇ ಮಿದುಳು ಹೆಚ್ಚು ಕೆಲಸ ಮಾಡಿತು. ಆ ಚಿತ್ರದ ಮೇಲಿನ ಗಮನ ತೀರಾ ಕಡಿಮೆಯಾದರೆ ನೆನಪು ಇದ್ದಂತೇ ಉಳಿಯಿತು, ತೀರಾ ಹೆಚ್ಚಾದರೆ ಗಟ್ಟಿಯಾಯಿತು. ಮಧ್ಯಮ ಮಟ್ಟದಲ್ಲಿದ್ದಾಗ ಮಾತ್ರ ಸಡಿಲವಾಯಿತು. ಸೋಣ ಭಿಕ್ಖುವಿಗೆ ಬುದ್ಧರು ಹೇಳಿದ ವೀಣೆಯ ತಂತಿಯ ಮಾತು ಇಲ್ಲಿಗೂ ಹೊಂದುತ್ತದೆ.

ಪಾಳಿಯಲ್ಲಿ 'ಸತಿ' ಎಂದರೆ ನೆನಪೂ ಹೌದು, ಎಚ್ಚರವೂ ಹೌದು. ಒಂದೇ ಪದ.

ಇನ್ನು ಅಕ್ಕನ ಪ್ರಶ್ನೆಯ ಕಷ್ಟದ ಭಾಗ. ಮರೆತುಬಿಡಿ ಎಂದು ನಮಗೆ ಹೇಳುವವರು ಯಾರು? ಹೆಚ್ಚಾಗಿ, ನಮ್ಮ ನೆನಪಿನಿಂದ ಮುಜುಗರವಾಗುವವರು. ಬರೋಡಾದಲ್ಲಿ ಪಾರ್ಸಿ ವಸತಿಗೃಹದಿಂದ ಬಾಬಾಸಾಹೇಬರನ್ನು ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. 18 ವರ್ಷವಾದರೂ ಆ ದೃಶ್ಯ ಮಾಸಿಲ್ಲ, ನೆನೆದರೆ ಕಣ್ಣೀರು ಬರುತ್ತದೆ ಎಂಬುದನ್ನು ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಮುಚ್ಚಿಡಲಿಲ್ಲ. ಮರೆಯಲಿಲ್ಲ, ಬರೆದಿಟ್ಟರು. ಅದು ನಮ್ಮ ಚರಿತ್ರೆ, ಅದನ್ನು ಯಾರೂ ಬಿಡಬೇಕಿಲ್ಲ. ಸುತ್ತ ಬಿಡಲು ಹೇಳುವುದು ಲೋಭ, ದ್ವೇಷ, ಮೋಹ ಬೆರೆತ ಯೋಚನೆಯನ್ನು, ನಡೆದ ಸಂಗತಿಯನ್ನಲ್ಲ. ಮನೆ ಮಾಲೀಕರ ಮಾತನ್ನು ನಾನು ದಿನಾಂಕ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಮಗಳಿಗೂ ಹೇಳಿದ್ದೇನೆ. ಬಿಟ್ಟಿದ್ದು ರಾತ್ರಿ ಕಟ್ಟುತ್ತಿದ್ದ ಆ ಉತ್ತರಗಳನ್ನು.

ಮಾಡುವ ಕ್ರಮ ಇಷ್ಟೇ. ನೆನಪು ಬಂದಾಗ 'ಬಂತು' ಎಂದು ಗುರುತಿಸಿ. ಎರಡು ಮೂರು ಉಸಿರಿನಷ್ಟು ಹೊತ್ತು ಅದನ್ನು ಇರಲು ಬಿಡಿ. ಜಗಳ ಬೇಡ, ಉತ್ತರವೂ ಬೇಡ. ಆಮೇಲೆ ಗಮನವನ್ನು ಉಸಿರಿಗೆ ತನ್ನಿ. ಮತ್ತೆ ಬಂದರೆ ಮತ್ತೆ ಹಾಗೆಯೇ. ಮೊದಲ ವಾರ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಈಗಲೂ ಆ ಮಾತು ಬರುತ್ತದೆ, ಆದರೆ ನಿದ್ದೆ ಕೆಡಿಸುವುದು ಕಡಿಮೆ.

ಭಾನುವಾರ ಇದೇ ಸುತ್ತದ ಮೊದಲ ಉಪಾಯ ಓದೋಣ: ಬಡಗಿ ಸಣ್ಣ ಬೆಣೆಯಿಂದ ದೊಡ್ಡ ಬೆಣೆಯನ್ನು ಹೊರಹಾಕುವ ಹೋಲಿಕೆ. ಪುಸ್ತಕ ಇದ್ದವರು ತನ್ನಿ.

ಜೈ ಭೀಮ್.